ಬಜಾರಿ ಎಂದರೆ ಯಾರು?

(ಗುಡ್ನಾಪುರದಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕೊಟ್ಟಿಗೆ ಕೆಲಸ, ಗದ್ದೆ ಕೆಲಸ, ಒಲೆಯ ಮುಂದಿನ ಕೆಲಸ ಎಲ್ಲವನ್ನೂ ಬೇಗ ಬೇಗ ಮುಗಿಸಿ, ಕೆಲವರು ಅರ್ಧಕ್ಕೇ ಬಿಟ್ಟು, ಇಲ್ಲಿಗೆ ಬಂದಿದ್ದೀರಿ. ವರದಕ್ಷಿಣೆ ಮತ್ತು ಮನೆಯೊಳಗಿನ ಹಿಂಸೆಯ ಬಗ್ಗೆ ಮಾತಾಡಬೇಕೆಂದು ನನ್ನನ್ನು ಕರೆದಿದ್ದಾರೆ. ಕಾನೂನಿನ ಕಲಮುಗಳನ್ನು ಆಮೇಲೆ ಹೇಳುತ್ತೇನೆ. ಮೊದಲು ಒಂದು ಪದದ ಬಗ್ಗೆ ಮಾತಾಡೋಣ. ಈ ಪದವನ್ನು ಕೇಳದ ಹೆಣ್ಣು ಈ ಸಭೆಯಲ್ಲಿ ಇರಲಾರಳು. ತನಗೇ ಯಾರಾದರೂ ಅಂದಿರಬಹುದು, ಇಲ್ಲವೇ ತಾನೇ ಇನ್ನೊಬ್ಬಳಿಗೆ ಅಂದಿರಬಹುದು. ಆ ಪದ ‘ಬಜಾರಿ’.

ಬಜಾರಿ ಎಂದರೆ ಯಾರು? ಸಭೆಗೆ ಬರುವ ಮೊದಲು ಇಲ್ಲಿಯ ಕೆಲವರನ್ನು ಕೇಳಿದೆ. ಒಬ್ಬರು ‘ಬಾಯಿ ಜೋರಿನವಳು’ ಎಂದರು. ಇನ್ನೊಬ್ಬರು ‘ಗಂಡಸರಿಗೆ ಎದುರು ಮಾತಾಡುವವಳು’ ಎಂದರು. ಮತ್ತೊಬ್ಬರು ದನಿ ತಗ್ಗಿಸಿ ‘ನಡತೆ ಸರಿಯಿಲ್ಲದವಳು’ ಎಂದರು. ಪಕ್ಕದಲ್ಲೇ ಕೂತಿದ್ದ ವಯಸ್ಸಾದ ತಾಯಿಯೊಬ್ಬರು ನಗುತ್ತಾ ‘ನನ್ನ ಮೊಮ್ಮಗಳು, ಭಾರೀ ಬಜಾರಿ’ ಎಂದರು. ಅವರ ಬಾಯಲ್ಲಿ ಅದು ಮುದ್ದಿನ ಮಾತು. ಒಂದೇ ಪದಕ್ಕೆ ನಾಲ್ಕು ಅರ್ಥ ಬಂತು. ಜಗಳಗಂಟಿ ಎಂತಲೂ ಆಯಿತು, ಧೈರ್ಯವಂತೆ ಎಂತಲೂ ಆಯಿತು, ಕೆಟ್ಟವಳು ಎಂತಲೂ ಆಯಿತು, ಚುರುಕಾದ ಹುಡುಗಿ ಎಂತಲೂ ಆಯಿತು. ಯಾವ ಅರ್ಥ ಎಂಬುದನ್ನು ತೀರ್ಮಾನಿಸುವುದು ಆ ಹೆಣ್ಣಿನ ಗುಣವಲ್ಲ. ಆ ಮಾತನ್ನು ಯಾರು ಆಡಿದರು, ಎಲ್ಲಿ ಆಡಿದರು, ಆಗ ಅವಳು ಏನು ಕೇಳಿದ್ದಳು, ಇವೇ ತೀರ್ಮಾನಿಸುತ್ತವೆ.

ನಿಮ್ಮ ಈ ಗುಡ್ನಾಪುರದಲ್ಲಿ ಕದಂಬ ರವಿವರ್ಮನ ಕಂಬಶಾಸನ ಸಿಕ್ಕಿದೆ. ಅವನು ಇಲ್ಲಿ ಕಾಮದೇವನಿಗೆ ಗುಡಿ ಕಟ್ಟಿಸಿದ್ದನ್ನು ಆ ಕಲ್ಲು ಹೇಳುತ್ತದೆ. ಸುಮಾರು 1500 ವರ್ಷ ಹಿಂದಿನ ಮಾತು. ಕಲ್ಲಿನ ಮೇಲೆ ಕೆತ್ತಿದ ಮಾತು ಕೆತ್ತಿದ ಹಾಗೆಯೇ ಇರುತ್ತದೆ. ನಾಲಿಗೆಯ ಮೇಲಿನ ಮಾತು ಹಾಗಲ್ಲ. ಅದನ್ನು ಬಳಸುವವರು ತಮಗೆ ಬೇಕಾದ ಹಾಗೆ ತಿರುಗಿಸಿಕೊಳ್ಳುತ್ತಾರೆ. ಹೆಣ್ಣಿನ ಬಗ್ಗೆ ಇರುವ ಮಾತುಗಳನ್ನು ಬಹಳ ಕಾಲ ತಿರುಗಿಸಿದವರು ಯಾರು ಎಂಬುದನ್ನು ಸ್ವಲ್ಪ ನೋಡೋಣ.

‘ಬಜಾರಿ’ ಎಂಬುದು ‘ಬಜಾರು’ ಎಂಬ ಪದದಿಂದ ಬಂದದ್ದು. ಬಜಾರು ಪಾರಸಿ ಮೂಲದ ಮಾತು, ಅಂದರೆ ಪೇಟೆ. ಪೇಟೆಗೆ ಹೋಗುವುದರಲ್ಲಿ ತಪ್ಪೇನಿದೆ? ಗಂಡಸು ಪೇಟೆಗೆ ಹೋಗಿ ನಾಲ್ಕು ಜನರ ಹತ್ತಿರ ಚೌಕಾಸಿ ಮಾಡಿ, ಜೋರು ಮಾಡಿ, ಅಡಿಕೆಗೆ ನಾಲ್ಕು ಕಾಸು ಹೆಚ್ಚು ತಂದರೆ ‘ವ್ಯವಹಾರಸ್ಥ’ ಎನ್ನುತ್ತೇವೆ. ಅದೇ ಕೆಲಸವನ್ನು ಹೆಣ್ಣು ಮಾಡಿದರೆ ‘ಬಜಾರಿ’. ಘಟ್ಟದ ಕೆಳಗಿನಿಂದ ಬುಟ್ಟಿ ಹೊತ್ತು ಬಂದು ಶಿರಸಿಯಲ್ಲಿ ಮೀನು ಮಾರುವ ಹೆಂಗಸು ಮೆಲ್ಲಗೆ, ತಲೆ ತಗ್ಗಿಸಿ ಮಾತಾಡಿದರೆ ಅವಳ ಬುಟ್ಟಿ ಖಾಲಿಯಾಗುವುದಿಲ್ಲ. ಸಂತೆಯಲ್ಲಿ ಸೊಪ್ಪು ಮಾರುವವಳಿಗೂ ಅಷ್ಟೇ. ದನಿ ಅವರ ಬಂಡವಾಳ. ದುಡಿದು ತಿನ್ನುವ ಹೆಣ್ಣಿನ ಬಂಡವಾಳವನ್ನೇ ನಾವು ಬೈಗುಳ ಮಾಡಿಕೊಂಡಿದ್ದೇವೆ.

ಇದರ ಹಿಂದೆ ಇನ್ನೊಂದು ಕಹಿಯಾದ ಅರ್ಥವೂ ಇದೆ. ಹಿಂದಿಯಲ್ಲಿ ‘ಬಾಜಾರೂ’ ಎಂದರೆ ಕೊಳ್ಳಲು ಸಿಗುವವಳು ಎಂಬ ಅರ್ಥ. ಮರಾಠಿಯಲ್ಲಿ ‘ಬಾಜಾರಬಸವಿ’ ಎಂಬ ಬೈಗುಳ ಇದೆ. ಬಸವಿ ಎಂದರೆ ದೇವರ ಹೆಸರಿನಲ್ಲಿ ಬಿಡಲಾದ ಹೆಣ್ಣುಮಗಳು. ಬಡತನವನ್ನೂ ಭಕ್ತಿಯನ್ನೂ ನೆಪ ಮಾಡಿಕೊಂಡು ಆ ಮಗುವನ್ನು ಬಿಟ್ಟವರು ಊರಿನ ದೊಡ್ಡವರು, ಬೈಸಿಕೊಂಡವಳು ಮಾತ್ರ ಆ ಹೆಣ್ಣು. ಅಂಥ ಬಿಡುವಿಕೆಯನ್ನು ನಿಷೇಧಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ ಬಂದದ್ದು 1982ರಲ್ಲಿ. ಕಾಯ್ದೆ ಬಂತು, ಬೈಗುಳ ಉಳಿಯಿತು. ಬಾಯಿ ಜೋರಿನ ಹೆಣ್ಣಿಗೆ ಬಜಾರಿ ಎಂದಾಗ ಈ ಹಳೆಯ ಕೊಳೆಯೂ ಅದರ ಜೊತೆಗೆ ಅಂಟಿಕೊಂಡು ಬರುತ್ತದೆ. ಅದಕ್ಕೇ ಆ ಮಾತು ಅಷ್ಟು ಚುಚ್ಚುತ್ತದೆ. ‘ನೀನು ಜೋರಾಗಿ ಮಾತಾಡುತ್ತಿ’ ಎಂದು ಶುರುವಾದದ್ದು ಎರಡನೇ ಉಸಿರಿಗೆ ‘ನಿನ್ನ ನಡತೆ ಸರಿಯಿಲ್ಲ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಇನ್ನು ಅದರ ಅಕ್ಕತಂಗಿಯರನ್ನು ನೋಡಿ. ‘ಗಂಡುಬೀರಿ’ ಎನ್ನುತ್ತಾರೆ. ಬೀರ ಎಂಬುದು ವೀರ ಎಂಬ ಪದದ ತದ್ಭವ. ಬನವಾಸಿಯ ಸುತ್ತಮುತ್ತ ಎಷ್ಟೊಂದು ವೀರಗಲ್ಲುಗಳಿವೆ, ನೀವೇ ನೋಡಿದ್ದೀರಿ. ಗಂಡಸಿನ ಹೆಸರಿಗೆ ಬೀರ ಸೇರಿದರೆ ಕಲ್ಲು ನಿಲ್ಲಿಸಿ ಪೂಜೆ ಮಾಡುತ್ತಾರೆ, ಹೆಣ್ಣಿನ ಹೆಸರಿಗೆ ಸೇರಿದರೆ ಮೂಗು ಮುರಿಯುತ್ತಾರೆ. ಗಂಡಸಿಗೆ ‘ಹೆಣ್ಣಿಗ’ ಎಂದರೂ ಅವಮಾನ, ಹೆಂಗಸಿಗೆ ‘ಗಂಡುಬೀರಿ’ ಎಂದರೂ ಅವಮಾನ. ಮೊದಲನೆಯದರಲ್ಲಿ ಹೆಣ್ಣಿನ ಹಾಗೆ ಇರುವುದು ಕೀಳು ಎಂದಾಯಿತು. ಎರಡನೆಯದರಲ್ಲಿ ಹೆಣ್ಣು ಹೆಣ್ಣಿನ ಹಾಗೆ ಇಲ್ಲದಿರುವುದು ತಪ್ಪು ಎಂದಾಯಿತು. ಹಾಗಾದರೆ ಅವಳು ಇರಬೇಕಾದದ್ದು ಹೇಗೆ? ಕೀಳಾಗಿಯೇ ಇರಬೇಕು, ಅದನ್ನು ಒಪ್ಪಿಕೊಂಡೂ ಇರಬೇಕು.

‘ಚಂಡಿ’ ಎನ್ನುತ್ತಾರೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಉದ್ದಾಲಕ ಮುನಿಯ ಹೆಂಡತಿ ಚಂಡಿಯ ಕತೆ ಬರುತ್ತದೆ. ಗಂಡ ಏನು ಹೇಳಿದರೂ ಅದಕ್ಕೆ ವಿರುದ್ಧ ಮಾಡುವವಳು ಅವಳು. ಕಡೆಗೆ ಗಂಡನ ಶಾಪದಿಂದ ಕಲ್ಲಾಗುತ್ತಾಳೆ. ಅರ್ಜುನ ಬಂದು ಮುಟ್ಟಿದ ಮೇಲೆಯೇ ಅವಳಿಗೆ ಬಿಡುಗಡೆ. ಕತೆ ಕೇಳಿ ನಕ್ಕಿದ್ದೇವೆ. ಮಾತು ಕೇಳದ ಹೆಂಡತಿ ಕಲ್ಲಾಗುವುದು ಸರಿಯೇ ಎಂದು ಒಳಗೊಳಗೇ ಒಪ್ಪಿಕೊಂಡೂ ಇದ್ದೇವೆ. ಇನ್ನೊಂದು ಬೈಗುಳ ‘ಮಾರಿ’. ‘ಎಂತಕ್ಕೆ ಹಾಗೆ ಮಾರಿಯ ಹಾಗೆ ಕೂಗ್ತೆ?’ ಎಂದು ಮಗಳನ್ನು ಗದರುತ್ತೇವೆ. ಎರಡು ವರ್ಷಕ್ಕೊಮ್ಮೆ ಶಿರಸಿಯಲ್ಲಿ ಅದೇ ಹೆಸರಿನ ತಾಯಿಯನ್ನು ರಥದಲ್ಲಿ ಕೂರಿಸಿ ಊರಿಗೆ ಊರೇ ಕೈ ಮುಗಿಯುತ್ತದೆ. ಚಂಡಿ, ಮಾರಿ, ಕಾಳಿ, ಇವೆಲ್ಲ ದೇವಿಯ ಹೆಸರುಗಳು. ಗುಡಿಯೊಳಗೆ ಇದ್ದರೆ ಪೂಜೆ, ಅಡುಗೆಮನೆಯೊಳಗೆ ಇದ್ದರೆ ಬೈಗುಳ. ಒಳ್ಳೆಯವಳನ್ನು ಹೊಗಳಬೇಕಾದರೆ ಮಾತ್ರ ‘ಗೌರಮ್ಮನ ಹಾಗೆ ಇದ್ದಾಳೆ’ ಎನ್ನುತ್ತೇವೆ.

ನಮ್ಮದು ಯಕ್ಷಗಾನದ ಜಿಲ್ಲೆ. ಕುದುರೆಯನ್ನು ಕಟ್ಟಿ ಅರ್ಜುನನಿಗೇ ಸವಾಲು ಹಾಕುವ ಪ್ರಮೀಳೆ ರಂಗಕ್ಕೆ ಬಂದರೆ ನಾವು ನಿದ್ದೆ ಬಿಟ್ಟು ನೋಡುತ್ತೇವೆ. ಮೀನಾಕ್ಷಿ, ಶಶಿಪ್ರಭೆ ಇಂಥ ಕಸೆ ಸ್ತ್ರೀವೇಷಗಳಿಗೆ ಇಲ್ಲಿ ಎಷ್ಟು ಬೆಲೆ! ಆ ವೇಷಗಳನ್ನು ಬಹುಕಾಲ ಕಟ್ಟಿದವರು ಗಂಡಸರು. ಗಂಡಸು ಸೀರೆಯ ಕಸೆ ಕಟ್ಟಿ ದಿಟ್ಟ ಹೆಣ್ಣಾಗಿ ಗರ್ಜಿಸಿದರೆ ಕಲೆ. ಬೆಳಿಗ್ಗೆ ಮನೆಗೆ ಬಂದು ಅದೇ ಮನೆಯ ಹೆಣ್ಣು ‘ಅಷ್ಟು ದುಡ್ಡು ಎಲ್ಲಿ ಹೋಯಿತು?’ ಎಂದು ಸಣ್ಣ ದನಿಯಲ್ಲಿ ಕೇಳಿದರೆ ಬಜಾರಿತನ. ಆ ಕತೆಗಳಾದರೂ ಎಲ್ಲಿ ಮುಗಿಯುತ್ತವೆ ನೋಡಿ. ಎಷ್ಟು ಗರ್ಜಿಸಿದರೂ ಕಡೆಗೆ ಪ್ರಮೀಳೆಗೆ ಅರ್ಜುನನ ಜೊತೆ ಮದುವೆ, ಮಂಗಳ.

ಸಿನಿಮಾದ್ದೂ ಅದೇ ಕತೆ. 1989ರಲ್ಲಿ ‘ನಂಜುಂಡಿ ಕಲ್ಯಾಣ’ ಬಂದಾಗ ಎಲ್ಲರೂ ಮುಗಿಬಿದ್ದು ನೋಡಿದರು. ಮಾಲಾಶ್ರೀಯ ಆ ಜೋರು, ಆ ಚುರುಕು ನಮಗೆಲ್ಲ ಇಷ್ಟವಾಯಿತು. ಅದು ಪರ್ವತವಾಣಿಯವರ ನಾಟಕದಿಂದ ಬಂದ ಕತೆ. ಆ ನಾಟಕಕ್ಕೆ ಮೂಲ ಇಂಗ್ಲೆಂಡಿನ ಷೇಕ್ಸ್‌ಪಿಯರನ ನಾಟಕ. ಬಾಯಿ ಜೋರಿನ ಹೆಣ್ಣನ್ನು ಮದುವೆಯಾಗಿ, ಹಟ ಮುರಿದು, ಪಳಗಿಸುವ ಕತೆ. ಪಳಗಿಸುವುದು ಎಂಬ ಮಾತನ್ನು ನಾವು ಯಾವುದಕ್ಕೆ ಬಳಸುತ್ತೇವೆ? ಆನೆಗೆ, ಹೋರಿಗೆ. ಆ ಕೆಲಸಕ್ಕೆ ಕೋಲೂ ಬೇಕು, ಉಪವಾಸ ಕೆಡಹುವುದೂ ಬೇಕು. ತೆರೆಯ ಮೇಲೆ ಅದು ತಮಾಷೆಯಾಗಿ ಕಾಣುತ್ತದೆ. ಮನೆಯೊಳಗೆ ಅದಕ್ಕೆ ಬೇರೆ ಹೆಸರಿದೆ.

ಆ ಬೇರೆ ಹೆಸರಿನ ವಿಷಯಕ್ಕೇ ಈಗ ಬರುತ್ತೇನೆ. ಈ ಪದಕ್ಕೂ ವರದಕ್ಷಿಣೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಬಹಳ ಸಂಬಂಧ ಇದೆ. ಹೆಣ್ಣಿನ ಬದುಕಿನ ಒಂದೊಂದು ಮೆಟ್ಟಿಲಿನಲ್ಲೂ ಈ ಪದ ಕಾವಲು ನಿಂತಿರುತ್ತದೆ.

ಮೊದಲನೆಯದು ಹೆಣ್ಣು ನೋಡುವ ದಿನ. ಹುಡುಗಿ ತಲೆಯೆತ್ತಿ ‘ನಿಮಗೆ ಸಾಲ ಎಷ್ಟಿದೆ?’ ಎಂದು ಹುಡುಗನನ್ನು ಕೇಳಿದಳು ಅನ್ನಿ. ‘ಹುಡುಗಿ ಸ್ವಲ್ಪ ಜೋರು’ ಎಂಬ ಸುದ್ದಿ ಸಂಜೆಯೊಳಗೆ ಮೂರು ಊರು ದಾಟುತ್ತದೆ. ಸಂಬಂಧ ತರುವವರು ಅಪ್ಪನನ್ನು ಬದಿಗೆ ಕರೆದು ‘ಹುಡುಗಿಯ ಬಾಯಿ ಜೋರು ಅಂತ ಹೇಳ್ತಾರೆ, ಸ್ವಲ್ಪ ಮುಂದೆ ಬರಬೇಕಾಗ್ತದೆ’ ಎನ್ನುತ್ತಾರೆ. ಮುಂದೆ ಬರುವುದು ಎಂದರೆ ಇನ್ನೆರಡು ತೊಲ ಬಂಗಾರ, ಇಲ್ಲವೇ ಒಂದು ಬೈಕು. ಧೈರ್ಯವನ್ನು ಕುಂದು ಎಂದು ಲೆಕ್ಕ ಹಾಕಿ ಅದಕ್ಕೊಂದು ದಂಡ ಕಟ್ಟಿಸಿಕೊಳ್ಳುವ ಕ್ರಮ ಇದು. ಅದಕ್ಕೆ ಹೆದರಿಯೇ ತಾಯಂದಿರು ಮಗಳಿಗೆ ಎಂಟನೇ ವರ್ಷದಿಂದ ‘ಮೆಲ್ಲಗೆ ಮಾತಾಡು’ ಎಂದು ಕಲಿಸುತ್ತಾರೆ.

ಎರಡನೆಯದು ಗಂಡನ ಮನೆ. ಒಡವೆ ಎಲ್ಲಿ ಅಡವಿಟ್ಟಿರಿ ಎಂದು ಕೇಳಿದವಳು ಬಜಾರಿ. ತವರಿನಿಂದ ಇನ್ನು ತರಲಾರೆ ಎಂದವಳು ಬಜಾರಿ. ಕುಡಿದು ಬಂದವನಿಗೆ ಬಾಗಿಲು ತೆಗೆಯದವಳು ಬಜಾರಿ. ಏನೂ ಕೇಳದೆ ಸುಮ್ಮನಿದ್ದವಳಿಗೆ ಏಟು ಬೀಳುವುದಿಲ್ಲವೇ? ಬೀಳುತ್ತದೆ. ಆಗ ‘ಗುಮ್ಮನಗುಸುಕಿ, ಏನು ಕೇಳಿದರೂ ಮಾತಿಲ್ಲ’ ಎಂದು ಹೊಡೆಯುತ್ತಾರೆ. ಏಟಿಗೆ ಕಾರಣ ಅವಳ ಬಾಯಿ ಆಗಿದ್ದರೆ ಮೂಕಿಯಾದವಳಾದರೂ ಸುಖವಾಗಿರಬೇಕಿತ್ತು.

ಮೂರನೆಯದು ಪಂಚಾಯ್ತಿ. ನಾನು ಕೂತಿದ್ದ ಒಂದು ಪಂಚಾಯ್ತಿಯ ಮಾತು ಹೇಳುತ್ತೇನೆ, ಊರಿನ ಹೆಸರು ಬೇಡ. ಮದುವೆಯಾಗಿ ಮೂರು ವರ್ಷವಾದ ಹುಡುಗಿ. ಅವಳ ನಾಲ್ಕು ಬಳೆಯನ್ನು ಗಂಡ ಅಡವಿಟ್ಟಿದ್ದ. ಕೇಳಿದ್ದಕ್ಕೆ ಕಿವಿಯ ಮೇಲೆ ಹೊಡೆದಿದ್ದ. ಹಿರಿಯರೊಬ್ಬರು ಕೇಳಿದ ಮೊದಲ ಪ್ರಶ್ನೆ: ‘ನಿನ್ನ ಬಾಯಿ ಸ್ವಲ್ಪ ಜೋರಂತೆ, ಹೌದಾ?’ ಹುಡುಗಿಯ ತಾಯಿ ಕೈ ಮುಗಿದು ‘ಇಲ್ರಾ, ನಮ್ಮ ಕೂಸು ಬಜಾರಿ ಅಲ್ಲ, ನಾವು ಹಾಗೆ ಬೆಳೆಸಲಿಲ್ಲ’ ಎಂದರು. ಆಮೇಲೆ ಮಧ್ಯಾಹ್ನದವರೆಗೂ ಅವಳು ಬಜಾರಿ ಹೌದೋ ಅಲ್ಲವೋ ಎಂಬುದರ ಮೇಲೇ ಮಾತು ನಡೆಯಿತು. ಅತ್ತೆ ಹೌದು ಎಂದರು, ನೆರೆಮನೆಯವರು ಅಲ್ಲ ಎಂದರು. ಬಳೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಕಿವಿಯ ಸುದ್ದಿಯನ್ನೂ ಎತ್ತಲಿಲ್ಲ. ಕಡೆಗೆ ‘ಇನ್ನು ಮುಂದೆ ಹೊಂದಿಕೊಂಡು ಹೋಗು’ ಎಂದು ಅವಳಿಗೇ ಬುದ್ಧಿ ಹೇಳಿ ಎದ್ದರು.

ಆ ತಾಯಿಯ ಮಾತು ನನಗೆ ಬಹಳ ದಿನ ಕಿವಿಯಲ್ಲಿತ್ತು. ಅದು ಪ್ರೀತಿಯಿಂದ ಆಡಿದ ಮಾತು, ಮಗಳನ್ನು ಉಳಿಸಿಕೊಳ್ಳಲು ಆಡಿದ ಮಾತು. ಆದರೆ ‘ನನ್ನ ಮಗಳು ಬಜಾರಿ ಅಲ್ಲ’ ಎಂದ ಕೂಡಲೇ ನಾವು ಒಂದು ವಿಷಯವನ್ನು ಬಿಟ್ಟುಕೊಟ್ಟ ಹಾಗಾಗುತ್ತದೆ. ಬಜಾರಿಯಾಗಿದ್ದರೆ ಹೊಡೆಯಬಹುದಿತ್ತು ಎಂದು ಒಪ್ಪಿದ ಹಾಗಾಗುತ್ತದೆ. ಗೆಳತಿಯರೇ, ಇದನ್ನು ಮಾತ್ರ ನಾವು ಒಪ್ಪಬಾರದು. ಅವಳು ಜೋರಿನವಳೇ ಇರಲಿ, ಜಗಳಗಂಟಿಯೇ ಇರಲಿ, ಹೊಡೆಯುವ ಹಕ್ಕು ಯಾರಿಗೂ ಇಲ್ಲ. ಬಳೆ ಅವಳದ್ದು. ಬಳೆಯ ಲೆಕ್ಕಕ್ಕೂ ಅವಳ ದನಿಯ ಎತ್ತರಕ್ಕೂ ಸಂಬಂಧವಿಲ್ಲ.

ಇದು ಹಳ್ಳಿಯ ಪಂಚಾಯ್ತಿಯ ಕತೆ ಮಾತ್ರ ಎಂದುಕೊಳ್ಳಬೇಡಿ. ಅತ್ಯಾಚಾರದ ಮೊಕದ್ದಮೆಯಲ್ಲಿ ಹೆಣ್ಣಿನ ‘ನಡತೆ ಸರಿಯಿಲ್ಲ’ ಎಂದು ತೋರಿಸಿ ಅವಳ ಸಾಕ್ಷಿಯನ್ನು ತಳ್ಳಿಹಾಕಲು ನಮ್ಮ ಸಾಕ್ಷ್ಯ ಕಾಯ್ದೆಯಲ್ಲೇ ಅವಕಾಶ ಇತ್ತು. ಬ್ರಿಟಿಷರು 1872ರಲ್ಲಿ ಮಾಡಿದ ಆ ಕಾಯ್ದೆಯಿಂದ ಆ ಮಾತನ್ನು ತೆಗೆದುಹಾಕಿದ್ದು 2002ರ ತಿದ್ದುಪಡಿಯಲ್ಲಿ. ಅಂದರೆ 130 ವರ್ಷ ಬೇಕಾಯಿತು. ಹೆಣ್ಣನ್ನು ಹೀಗಳೆಯುವ ಪದಗಳನ್ನು ತೀರ್ಪುಗಳಲ್ಲಿ ಬಳಸಬಾರದು ಎಂದು ಸುಪ್ರೀಂ ಕೋರ್ಟು ನ್ಯಾಯಾಧೀಶರಿಗಾಗಿ ಒಂದು ಕೈಪಿಡಿ ಹೊರತಂದದ್ದು 2023ರ ಆಗಸ್ಟಿನಲ್ಲಿ. ಪದ ಎಂದರೆ ಬರೀ ಪದ ಎನ್ನುವವರಿಗೆ ಇಷ್ಟು ಸಾಕು.

ಈಗ ಇತಿಹಾಸದ ಎರಡು ಮಾತು. ಸುಮಾರು ಸಾವಿರ ವರ್ಷದ ಹಿಂದೆ, ಇಲ್ಲಿಗೆ ಹತ್ತಿರದ ಹಾನಗಲ್ಲಿನ ಕದಂಬರ ಮನೆತನಕ್ಕೆ ಸೊಸೆಯಾಗಿ ಬಂದವಳು ಚಾಲುಕ್ಯ ರಾಜಕುಮಾರಿ ಅಕ್ಕಾದೇವಿ. ಅವಳು ನಾಡು ಆಳಿದಳು, ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು. ಶಾಸನಗಳು ಅವಳನ್ನು ‘ರಣಭೈರವಿ’ ಎಂದು ಹೊಗಳುತ್ತವೆ. ಅರಮನೆಯ ಹೆಣ್ಣು ಕತ್ತಿ ಹಿಡಿದರೆ ರಣಭೈರವಿ, ಗುಡಿಸಲಿನ ಹೆಣ್ಣು ಸೌಟು ಎತ್ತಿದರೆ ಬಜಾರಿ. ಪದ ಜಾತಿಯನ್ನೂ ನೋಡುತ್ತದೆ, ಆಸ್ತಿಯನ್ನೂ ನೋಡುತ್ತದೆ ಎಂಬುದನ್ನು ಮರೆಯಬಾರದು. ಕೂಲಿ ಮಾಡುವ ಹೆಣ್ಣು, ದಲಿತ ಹೆಣ್ಣು, ಯಲ್ಲಾಪುರದ ಕಾಡಿನ ಸಿದ್ದಿ ಹೆಣ್ಣು ಬಾಯಿ ತೆರೆದರೆ ಈ ಪದ ಇನ್ನೂ ಬೇಗ ಬಂದು ಬೀಳುತ್ತದೆ.

ಎರಡನೆಯದು ನಮ್ಮ ಅಜ್ಜಿಯಂದಿರ ಕಾಲದ್ದು. 1930ರ ದಶಕದ ಮೊದಲ ವರ್ಷಗಳಲ್ಲಿ ಶಿರಸಿ, ಸಿದ್ದಾಪುರ, ಅಂಕೋಲಾ ತಾಲೂಕುಗಳಲ್ಲಿ ಕರನಿರಾಕರಣೆ ನಡೆಯಿತು. ಕಂದಾಯ ಕೊಡದವರ ಜಮೀನನ್ನೂ ಸಾಮಾನನ್ನೂ ಸರ್ಕಾರ ಜಪ್ತಿ ಮಾಡಿ ಹರಾಜು ಹಾಕಿತು. ಹಾಗೆ ಹರಾಜಿನಲ್ಲಿ ಕೊಂಡವರ ಮನೆಯ ಮುಂದೆ ಸಿದ್ದಾಪುರದ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕೂತರು. ಅಲ್ಲಿ ಅವರ ನೆನಪಿಗೆ ಸ್ಮಾರಕ ಇದೆ. ಅವರನ್ನು ನಾವು ವೀರ ಮಹಿಳೆಯರು ಎಂದು ಭಾಷಣದಲ್ಲಿ ನೆನೆಯುತ್ತೇವೆ. ಅವರು ಮಾಡಿದ್ದೇನು? ಅನ್ಯಾಯವಾಗಿ ಹೋದ ಆಸ್ತಿ ವಾಪಸು ಬರಲಿ ಎಂದು ಇನ್ನೊಬ್ಬರ ಮನೆಯ ಅಂಗಳದಲ್ಲಿ ಕೂತರು. ಇವತ್ತು ಒಬ್ಬ ಸೊಸೆ ತನ್ನ ಬಂಗಾರ ವಾಪಸು ಕೊಡಿ ಎಂದು ಗಂಡನ ಮನೆಯ ಜಗಲಿಯಲ್ಲಿ ಉಪವಾಸ ಕೂತರೆ ನಾವು ಏನೆಂದು ಕರೆಯುತ್ತೇವೆ? ಎದೆ ಮುಟ್ಟಿ ಹೇಳಿ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡು ಅಪ್ಪಿಕೋ ಚಳವಳಿ ಶುರುಮಾಡಿದರು. ಆ ಚಳವಳಿಯಲ್ಲಿ ಹೆಂಗಸರೂ ಮುಂದಿದ್ದರು. ಸಾರಾಯಿ ಅಂಗಡಿಗಳ ಮುಂದೆ ಕೂಗಿ ಕೂಗಿ ಗಂಟಲು ಹರಿದುಕೊಂಡ ಹೆಂಗಸರು ನಮ್ಮ ರಾಜ್ಯದಲ್ಲಿ ಎಷ್ಟೋ ಮಂದಿ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಆ ಹೆಂಗಸರ ಕೂಗಿಗೂ ಅದರಲ್ಲಿ ಪಾಲಿದೆ. ಪೂರ್ಣಚಂದ್ರ ತೇಜಸ್ವಿಯವರು ‘ಕಿರಗೂರಿನ ಗಯ್ಯಾಳಿಗಳು’ ಎಂಬ ಕತೆ ಬರೆದರು. ಅದರಲ್ಲಿ ಮಲೆನಾಡಿನ ಒಂದು ಊರಿನ ಹೆಂಗಸರು ಒಟ್ಟಾಗಿ ಊರಿನ ಗಂಡಸರ ಕುಡಿತಕ್ಕೂ ಜಾತಿ ಜಗಳಕ್ಕೂ ಬುದ್ಧಿ ಕಲಿಸುತ್ತಾರೆ. 2016ರಲ್ಲಿ ಸುಮನಾ ಕಿತ್ತೂರು ಅದನ್ನು ಸಿನಿಮಾ ಮಾಡಿದರು. ಗಯ್ಯಾಳಿ ಎಂಬುದು ಬೈಗುಳವಲ್ಲವೇ? ಆ ಕತೆ ಓದಿದ ಮೇಲೆ, ನೋಡಿದ ಮೇಲೆ, ‘ನಾವೂ ಗಯ್ಯಾಳಿಗಳೇ’ ಎಂದು ನಗುತ್ತಾ ಹೇಳಿಕೊಂಡ ಹೆಂಗಸರನ್ನು ನಾನು ಕಂಡಿದ್ದೇನೆ.

ಹೊರದೇಶದಲ್ಲೂ ಇದೇ ನಡೆದಿದೆ. ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಇಂಗ್ಲೆಂಡಿನ ಹೆಂಗಸರಿಗೆ 1906ರಲ್ಲಿ ಒಂದು ಪತ್ರಿಕೆ ಗೇಲಿಯಾಗಿ ‘ಸಫ್ರಜೆಟ್’ ಎಂದು ಹೆಸರಿಟ್ಟಿತು. ಅವರು ಆ ಹೆಸರನ್ನೇ ಎತ್ತಿಕೊಂಡು ತಮ್ಮ ಪತ್ರಿಕೆಗೂ ಇಟ್ಟುಕೊಂಡರು. ಕೂದಲು ಕತ್ತರಿಸಿಕೊಂಡು ದುಡಿಯಲು ಹೊರಟ ಹುಡುಗಿಯರಿಗೆ ‘ಫ್ಲ್ಯಾಪರ್’ ಎಂಬ ಗೇಲಿಯ ಹೆಸರಿತ್ತು. ರೆಕ್ಕೆ ಬಡಿಯುವವಳು ಎಂದರ್ಥ. 1928ರಲ್ಲಿ 21 ವರ್ಷ ತುಂಬಿದ ಹೆಣ್ಣುಮಕ್ಕಳಿಗೆಲ್ಲ ಗಂಡಸರ ಸಮನಾಗಿ ಮತದಾನದ ಹಕ್ಕು ಬಂದಾಗ ‘ಈ ಫ್ಲ್ಯಾಪರುಗಳಿಗೆ ಮತವೇ?’ ಎಂದು ಪತ್ರಿಕೆಗಳು ಕೂಗಾಡಿದವು. ಹೆಸರು ಗೇಲಿಯದ್ದೇ ಇರಲಿ, ಹಕ್ಕು ಮಾತ್ರ ಗಟ್ಟಿಯಾಗಿ ಉಳಿಯಿತು.

ಹಾಗಾದರೆ ನಾವೂ ‘ಹೌದು, ನಾವು ಬಜಾರಿಗಳು’ ಎಂದು ಎದೆ ತಟ್ಟಿ ಹೇಳಿಕೊಳ್ಳಬೇಕೇ? ಚಳವಳಿಯೊಳಗೆ ಇದರ ಬಗ್ಗೆ ಎರಡು ಅಭಿಪ್ರಾಯ ಇದೆ. ಆ ಪದವನ್ನು ನಾವೇ ತೊಟ್ಟುಕೊಂಡರೆ ಅದರ ಮುಳ್ಳು ಮುರಿಯುತ್ತದೆ ಎಂದು ಕೆಲವರು. ಕೊಳೆ ಅಂಟಿದ ಪದ ಯಾಕೆ ಬೇಕು, ದಿಟ್ಟೆ, ಗಟ್ಟಿಗಿತ್ತಿ ಎಂಬ ಒಳ್ಳೆಯ ಪದಗಳಿಲ್ಲವೇ ಎಂದು ಕೆಲವರು. ನನಗೆ ಅನಿಸುವುದನ್ನು ಹೇಳುತ್ತೇನೆ. ಸಭೆಯಲ್ಲಿ ಹತ್ತು ಜನರ ನಡುವೆ ನಾವು ನಗುತ್ತಾ ‘ಬಜಾರಿ’ ಎಂದುಕೊಳ್ಳುವುದು ಸುಲಭ. ರಾತ್ರಿ ಒಂಟಿಯಾಗಿ ಗಂಡನ ಮನೆಯಲ್ಲಿರುವ ಹುಡುಗಿಗೆ ಅದು ಸುಲಭವಲ್ಲ. ಅವಳಿಗೆ ಬೇಕಾದದ್ದು ಪದವಲ್ಲ, ಬೆನ್ನ ಹಿಂದೆ ನಿಲ್ಲುವ ಹತ್ತು ಜನ. ಹತ್ತು ಜನ ನಿಂತರೆ ಪದ ತಾನಾಗಿಯೇ ಸಪ್ಪಗಾಗುತ್ತದೆ. ಇನ್ನೊಂದು ಮಾತು. ಎಲ್ಲರೂ ಜೋರಾಗಿಯೇ ಇರಬೇಕೆಂದೂ ಇಲ್ಲ. ಮೆತ್ತಗಿನ ಸ್ವಭಾವದ ಹೆಣ್ಣಿಗೂ ಅಷ್ಟೇ ನ್ಯಾಯ ಸಿಗಬೇಕು.

ಈಗ ಕಾನೂನು. ವರದಕ್ಷಿಣೆ ನಿಷೇಧ ಕಾಯ್ದೆ 1961ರದ್ದು. ವರದಕ್ಷಿಣೆ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ, ಕೇಳುವುದೂ ಅಪರಾಧ. ಆದರೆ ನೊಂದವರು ದೂರು ಕೊಟ್ಟು ಹೇಳಿಕೆ ನೀಡಿದರೆ ಆ ಹೇಳಿಕೆಯ ಮೇಲೆ ಅವರ ಮೇಲೆಯೇ ಮೊಕದ್ದಮೆ ಹೂಡುವ ಹಾಗಿಲ್ಲ. ಕೊಟ್ಟ ವರದಕ್ಷಿಣೆ ಯಾರ ಕೈಯಲ್ಲಿದ್ದರೂ ಅದನ್ನು ಮದುವೆಯಾದ ಹೆಣ್ಣಿಗೆ ಒಪ್ಪಿಸಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ 1983ರಲ್ಲಿ 498ಎ ಕಲಮು ಬಂತು, ವರದಕ್ಷಿಣೆ ಸಾವಿಗೆ 1986ರಲ್ಲಿ 304ಬಿ ಬಂತು. 2024ರ ಜುಲೈ 1ರಿಂದ ಹೊಸ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲಿ ಕ್ರೌರ್ಯದ ಕಲಮು 85 ಮತ್ತು 86, ವರದಕ್ಷಿಣೆ ಸಾವಿನ ಕಲಮು 80. ಠಾಣೆಯಲ್ಲಿ ಯಾರಾದರೂ ‘ಆ ಕಾನೂನು ಹೋಯಿತು’ ಎಂದರೆ ನಂಬಬೇಡಿ. ನಂಬರು ಬದಲಾಗಿದೆ, ಅಪರಾಧ ಬದಲಾಗಿಲ್ಲ.

2005ರ ಕೌಟುಂಬಿಕ ಹಿಂಸೆಯ ಕಾಯ್ದೆ 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಇವತ್ತಿನ ನಮ್ಮ ಮಾತಿಗೆ ಅದೇ ಮುಖ್ಯ. ಹೊಡೆತ ಮಾತ್ರ ಹಿಂಸೆಯಲ್ಲ ಎಂದು ಆ ಕಾಯ್ದೆ ಹೇಳುತ್ತದೆ. ಅವಮಾನ ಮಾಡುವುದು, ಗೇಲಿ ಮಾಡುವುದು, ಹೆಸರಿಟ್ಟು ಹೀಯಾಳಿಸುವುದು, ಮಕ್ಕಳಾಗಲಿಲ್ಲ ಅಥವಾ ಗಂಡು ಹುಟ್ಟಲಿಲ್ಲ ಎಂದು ಚುಚ್ಚುವುದು, ಇವೆಲ್ಲವನ್ನೂ ಅದು ಮಾತಿನ ಮತ್ತು ಮನಸ್ಸಿನ ಹಿಂಸೆ ಎಂದು ಎಣಿಸುತ್ತದೆ. ಒಡವೆ, ದುಡ್ಡು ಕಸಿದುಕೊಳ್ಳುವುದು ಆರ್ಥಿಕ ಹಿಂಸೆ. ದಿನವೂ ‘ಬಜಾರಿ’ ಎಂದು ಹಂಗಿಸುವುದನ್ನೂ ದೂರಿನಲ್ಲಿ ಬರೆಸಬಹುದು, ಬರೆಸಬೇಕು. ಮನೆ ಯಾರ ಹೆಸರಿನಲ್ಲಿದ್ದರೂ ಕೂಡಿ ಬಾಳಿದ ಆ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಇಲ್ಲಿ ಸಂರಕ್ಷಣಾಧಿಕಾರಿಗಳು, ಅವರ ಹತ್ತಿರ ಹೋಗಬಹುದು. ಫೋನಿನಲ್ಲಾದರೆ ಮಹಿಳಾ ಸಹಾಯವಾಣಿ 181, ತುರ್ತಿಗೆ 112. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂಬ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಣ್ಣಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗಬೇಕು. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಿ.

ಕಡೆಯದಾಗಿ ನಮ್ಮ ಸಂಘಗಳ ಬಗ್ಗೆ ಒಂದು ಕಟುವಾದ ಮಾತು. ಬೇಸರ ಮಾಡಿಕೊಳ್ಳಬೇಡಿ. ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾದದ್ದು 2000-01ರಲ್ಲಿ. ಅಂದಿನಿಂದ ಊರೂರಿನಲ್ಲಿ ಸಂಘಗಳು ಬೆಳೆದವು, ಹೆಂಗಸರ ಕೈಗೆ ಪಾಸ್‌ಬುಕ್ ಬಂತು. ಬ್ಯಾಂಕಿನ ಮ್ಯಾನೇಜರ ಮುಂದೆ ಕೂತು ಮಾತಾಡುವ ಧೈರ್ಯ ಬಂತು. ಬಹಳ ಸಂತೋಷ. ಆದರೆ ಸಾಲದ ಪುಸ್ತಕ ತೆರೆದು ‘ಮದುವೆ ಖರ್ಚು’ ಎಂದು ಬರೆದಿರುವ ಸಾಲುಗಳನ್ನು ಒಮ್ಮೆ ಓದಿ. ಅದರಲ್ಲಿ ಊಟದ ಖರ್ಚು ಎಷ್ಟು, ಹುಡುಗನ ಕಡೆಗೆ ಹೋದದ್ದು ಎಷ್ಟು? ವಾರವಾರ ಹತ್ತು, ಇಪ್ಪತ್ತು ಕೂಡಿಸಿ ನಾವು ಕಟ್ಟಿದ ದುಡ್ಡೇ ವರದಕ್ಷಿಣೆಯಾಗಿ ಹೋದರೆ ನಾವು ಯಾರ ವಿರುದ್ಧ ಸಭೆ ಮಾಡುತ್ತಿದ್ದೇವೆ? ಸಭೆಯಲ್ಲಿ ಒಬ್ಬಳು ಎದ್ದು ‘ಈ ಸಾಲ ಎಂತಕ್ಕೆ, ಬಿಡಿಸಿ ಹೇಳು’ ಎಂದು ಕೇಳಿದರೆ ಅವಳನ್ನು ಮೊದಲು ಬಜಾರಿ ಎನ್ನುವವರು ನಾವೇ. ಕಂತು ಕಟ್ಟದವರ ಮನೆಗೆ ಹೋಗಿ ಗಟ್ಟಿಯಾಗಿ ಕೇಳುವ ಪ್ರತಿನಿಧಿಯನ್ನೂ ಹಿಂದಿನಿಂದ ಹಾಗೆಯೇ ಆಡಿಕೊಳ್ಳುತ್ತೇವೆ, ಅವಳಿಂದಲೇ ಸಂಘ ನಡೆಯುತ್ತಿದ್ದರೂ.

ಅದಕ್ಕೆ ನಾಲ್ಕು ವಿಷಯ ನಿಮ್ಮ ಮುಂದಿಡುತ್ತೇನೆ. ಚರ್ಚೆ ಮಾಡಿ, ಒಪ್ಪಿಗೆಯಾದರೆ ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಒಂದು, ಮದುವೆಗೆ ಸಾಲ ಕೇಳಿದವರಿಂದ ಖರ್ಚಿನ ಪಟ್ಟಿ ಪಡೆಯುವುದು, ವರದಕ್ಷಿಣೆಗೆ ಸಂಘದ ಒಂದು ರೂಪಾಯಿಯೂ ಹೋಗದ ಹಾಗೆ ನೋಡುವುದು. ಎರಡು, ಮದುವೆಯಾಗುವ ಹುಡುಗಿಯ ಒಡವೆ, ಪಾತ್ರೆ, ದುಡ್ಡಿನ ಪಟ್ಟಿ ಬರೆದು, ಎರಡೂ ಕಡೆಯವರ ಸಹಿ ಹಾಕಿಸಿ, ಒಂದು ಪ್ರತಿ ಅವಳ ಕೈಯಲ್ಲೇ ಇರುವ ಹಾಗೆ ಮಾಡುವುದು. ಮೂರು, ಪಂಚಾಯ್ತಿ ಕೂತಾಗ ಒಬ್ಬಳೇ ಹೋಗದಂತೆ ಸಂಘದಿಂದ ಐದು ಜನ ಜೊತೆಗೆ ಹೋಗುವುದು. ಅಲ್ಲಿ ಯಾರಾದರೂ ‘ಅವಳ ಬಾಯಿ ಹೇಗೆ?’ ಎಂದು ಶುರುಮಾಡಿದರೆ ‘ಬಾಯಿಯ ವಿಷಯ ಇರಲಿ, ಬಳೆ ಎಲ್ಲಿದೆ ಹೇಳಿ’ ಎಂದು ಕೇಳುವುದು. ಈ ಒಂದು ಪ್ರಶ್ನೆಯನ್ನು ಬಿಡದೆ ಕೇಳಿದರೆ ಸಾಕು. ನಾಲ್ಕು, ನಮ್ಮ ಮನೆಗೆ ಸೊಸೆ ತರುವಾಗ ನಾವು ಏನು ಕೇಳುತ್ತೇವೆ ಎಂಬುದನ್ನೂ ಇದೇ ಪುಸ್ತಕದಲ್ಲಿ ಬರೆಯುವುದು. ಹೆಣ್ಣು ಹೆತ್ತಾಗ ಕಾನೂನು ನೆನಪಾಗಿ, ಗಂಡು ಹೆತ್ತಾಗ ಮರೆತುಹೋಗುವುದು ನ್ಯಾಯವಲ್ಲ.

ಮುಂದಿನ ತಿಂಗಳ ಸಭೆಗೆ ಬರುವಾಗ ನಿಮ್ಮ ಹೆಣ್ಣುಮಕ್ಕಳನ್ನೂ ಕರೆತನ್ನಿ. ಹಿಂದಿನ ಸಾಲಿನಲ್ಲಿ ಕೂರಿಸಿ ಸುಮ್ಮನಿರಿಸಬೇಡಿ. ನಿರ್ಣಯವನ್ನು ಗಟ್ಟಿಯಾಗಿ ಓದುವ ಕೆಲಸ ಅವರಿಗೇ ಕೊಡೋಣ.